ಇಳಿಜಾರು 89 ಡಿಗ್ರಿ, ಹೊಳೆ ಗುಡ್ಡದ ಮೇಲೆ

ಕ್ಯೂಜಿಐಎಸ್, ಗ್ರಾಸ್, ಜಿಡಾಲ್, ಸಾಗಾ ಮುಂತಾದ ಮುಕ್ತ ತಂತ್ರಾಂಶಗಳಲ್ಲಿ ನೆಲದ ಏರಿಳಿತ ಲೆಕ್ಕ ಹಾಕುವವರ ಪ್ರಶ್ನೆಗಳಿಗೆ ಈ ಸಲದ ಅಂಕಣ ಮೀಸಲು. ಒಂದೇ ತೊಂದರೆಯನ್ನು ಹಲವರು ಬರೆದಿದ್ದಲ್ಲಿ ಒಂದು ಪ್ರಶ್ನೆಯಾಗಿ ಕೂಡಿಸಿದ್ದೇವೆ. ತಂತ್ರಾಂಶ ಕೂಡಿ ಕಳೆಯುವುದರಲ್ಲಿ ತಪ್ಪಿದ ಪ್ರಸಂಗ ಇವುಗಳಲ್ಲಿ ಒಂದೂ ಇಲ್ಲ. ಅದಕ್ಕೆ ನಾವು ಉಣಿಸಿದ ಅಳತೆಯೇ ಬೇರೆ, ಅದು ತಿಳಿದುಕೊಂಡ ಅಳತೆಯೇ ಬೇರೆ.

ಪ್ರಶ್ನೆ: ಡಿಇಎಂ (ನೆಲದ ಎತ್ತರದ ಅಂಕಿಗಳ ಚೌಕಜಾಲ) ಹಾಕಿ ಸ್ಲೋಪ್ (ಇಳಿಜಾರು) ತೆಗೆದರೆ ಇಡೀ ನಕ್ಷೆಯಲ್ಲಿ 89 ಡಿಗ್ರಿಗಿಂತ ಕಡಿಮೆಯ ಜಾಗವೇ ಇಲ್ಲ. ಬಯಲು ಕೂಡ ಗೋಡೆಯಂತೆ ನಿಂತಿದೆ. ಕ್ಯೂಜಿಐಎಸ್ ತೆಗೆದು ಮತ್ತೆ ಇನ್‌ಸ್ಟಾಲ್ ಮಾಡಿದರೂ ಹಾಗೇ ಇದೆ.

ಇನ್‌ಸ್ಟಾಲ್ ಮಾಡಿದ್ದು ಸರಿಯಾಗಿಯೇ ಇತ್ತು, ಪಾಪ. ನಿಮ್ಮ ಡಿಇಎಂ ಅಕ್ಷಾಂಶ ರೇಖಾಂಶದಲ್ಲಿದೆ. ಲೇಯರ್ ಪ್ರಾಪರ್ಟೀಸ್‌ನ ಇನ್‌ಫರ್ಮೇಶನ್ ಪುಟ ತೆರೆದರೆ ಇಪಿಎಸ್‌ಜಿ:4326 (ಅಕ್ಷಾಂಶ ರೇಖಾಂಶ ಪದ್ಧತಿಯ ಸಂಕೇತ ಸಂಖ್ಯೆ) ಎಂದೂ ಪಿಕ್ಸೆಲ್ ಅಳತೆ 0.000277 ಎಂದೂ ಕಾಣುತ್ತದೆ. ಅದು ಮೀಟರ್ ಅಲ್ಲ, ಡಿಗ್ರಿ. ಒಂದು ಆರ್ಕ್ ಸೆಕೆಂಡ್. ಎತ್ತರ ಮಾತ್ರ ಮೀಟರಿನಲ್ಲಿದೆ. ಪಕ್ಕದ ಪಿಕ್ಸೆಲ್ 1 ಮೀಟರ್ ಎತ್ತರವಿದೆ ಎಂದುಕೊಳ್ಳಿ. ತಂತ್ರಾಂಶ 1 ಅನ್ನು 0.000277ರಿಂದ ಭಾಗಿಸುತ್ತದೆ, 3600 ಬರುತ್ತದೆ, ಅದರ ಕೋನ 89.98 ಡಿಗ್ರಿ. ನಿಜದಲ್ಲಿ ಆ ಪಿಕ್ಸೆಲ್ ಸುಮಾರು 30.9 ಮೀಟರ್ ಉದ್ದ, ಇಳಿಜಾರು 1.85 ಡಿಗ್ರಿ ಅಷ್ಟೆ.

ಸರಿಯಾದ ಮದ್ದು, ಮೊದಲು ಡಿಇಎಂ ಅನ್ನು ಮೀಟರ್ ಅಳತೆಯ ಪ್ರಕ್ಷೇಪಕ್ಕೆ (ದುಂಡು ಭೂಮಿಯನ್ನು ಚಪ್ಪಟೆ ಹಾಳೆಗೆ ಇಳಿಸುವ ಪದ್ಧತಿಗೆ) ತರುವುದು. ರಾಸ್ಟರ್ ಮೆನುವಿನಲ್ಲಿ ಪ್ರಾಜೆಕ್ಷನ್ಸ್, ಅದರೊಳಗೆ ವಾರ್ಪ್. ಟಾರ್ಗೆಟ್ ಸಿಆರ್‌ಎಸ್‌ಗೆ (ಸಿಆರ್‌ಎಸ್ ಅಂದರೆ ನಿರ್ದೇಶಾಂಕ ಪದ್ಧತಿ) ನಿಮ್ಮ ಜಾಗದ ಯುಟಿಎಂ ವಲಯ ಕೊಡಿ. ಯುಟಿಎಂ ಎಂದರೆ ಭೂಮಿಯನ್ನು 6 ಡಿಗ್ರಿಯ ಪಟ್ಟಿಗಳಾಗಿ ಸೀಳಿ ಮೀಟರಿನಲ್ಲಿ ಅಳೆಯುವ ಪ್ರಕ್ಷೇಪ. ವಲಯ ಹುಡುಕುವ ಲೆಕ್ಕ ಸುಲಭ: ರೇಖಾಂಶಕ್ಕೆ 180 ಕೂಡಿಸಿ, 6ರಿಂದ ಭಾಗಿಸಿ, ದಶಾಂಶ ಬಿಟ್ಟು 1 ಸೇರಿಸಿ. ಪೂರ್ವ ರೇಖಾಂಶ 100 ಆದರೆ 280 ಭಾಗ 6, ಅಂದರೆ 46.67, ವಲಯ 47. ಪಶ್ಚಿಮ ರೇಖಾಂಶವನ್ನು ಋಣಸಂಖ್ಯೆಯಾಗಿ ತೆಗೆದುಕೊಳ್ಳಿ. ಉತ್ತರ ಗೋಳಾರ್ಧಕ್ಕೆ 326ರ ಮುಂದೆ ವಲಯ ಸಂಖ್ಯೆ ಬರೆದರೆ ಇಪಿಎಸ್‌ಜಿ ಕೋಡ್, ಇಲ್ಲಿ 32647. ದಕ್ಷಿಣಕ್ಕೆ 327. ರೀಸ್ಯಾಂಪ್ಲಿಂಗ್ (ಹೊಸ ಪಿಕ್ಸೆಲ್‌ಗೆ ಅಂಕಿ ಕೊಡುವ ಬಗೆ) ಜಾಗದಲ್ಲಿ ಬೈಲಿನಿಯರ್ ಅಥವಾ ಕ್ಯೂಬಿಕ್ ಆಯ್ದುಕೊಳ್ಳಿ, ರೆಸಲ್ಯೂಶನ್ 30 ಎಂದು ಬರೆಯಿರಿ. ಹೊರಬಂದ ಕಡತದ ಮೇಲೆ ಸ್ಲೋಪ್ ಓಡಿಸಿ.

ಸ್ಕೇಲ್ ಎಂಬಲ್ಲಿ 111120 ಬರೆದರೂ ನಡೆಯುತ್ತದೆ ಎನ್ನುವ ಸಲಹೆ ಚಾಲ್ತಿಯಲ್ಲಿದೆ. ಭೂಮಧ್ಯರೇಖೆಯ ಹತ್ತಿರ ನಡೆಯುತ್ತದೆ. ಆದರೆ ಉತ್ತರಕ್ಕೋ ದಕ್ಷಿಣಕ್ಕೋ ಹೋದಂತೆ ರೇಖಾಂಶಗಳು ಒಂದಕ್ಕೊಂದು ಹತ್ತಿರವಾಗುತ್ತವೆ. 60 ಡಿಗ್ರಿ ಅಕ್ಷಾಂಶದಲ್ಲಿ ಅದೇ ಪಿಕ್ಸೆಲ್ ತೆಂಕುಬಡಗು 30.9 ಮೀಟರ್, ಮೂಡುಪಡುವ ಬರೀ 15.5 ಮೀಟರ್. ಎರಡಕ್ಕೂ ಒಂದೇ ಗುಣಕ ಹೊಂದುವುದಿಲ್ಲ.

ಇದಕ್ಕಿಂತ ಅಪಾಯದ ತಪ್ಪು ಇನ್ನೊಂದಿದೆ: ಹಿನ್ನೆಲೆ ನಕ್ಷೆಗೆ ಹೊಂದಲಿ ಎಂದು ಡಿಇಎಂ ಅನ್ನು ಇಪಿಎಸ್‌ಜಿ:3857ಕ್ಕೆ, ಅಂದರೆ ವೆಬ್ ಮರ್ಕೇಟರ್‌ಗೆ ತರುವುದು. ಅಳತೆಯ ಹೆಸರು ಮೀಟರ್, ಆದರೆ ಆ ಮೀಟರ್ ಅಕ್ಷಾಂಶದ ಜೊತೆ ಹಿಗ್ಗುತ್ತದೆ. 45 ಡಿಗ್ರಿಯಲ್ಲಿ 1.41 ಪಟ್ಟು, 60ರಲ್ಲಿ ಎರಡು ಪಟ್ಟು. 45 ಡಿಗ್ರಿ ಅಕ್ಷಾಂಶದಲ್ಲಿ ನಿಜವಾಗಿ 30 ಡಿಗ್ರಿ ಇಳಿಜಾರಿರುವ ಗುಡ್ಡ 22 ಡಿಗ್ರಿ ಎಂದು ಬರುತ್ತದೆ. 89 ಬಂದರೆ ಯಾರಿಗಾದರೂ ಅನುಮಾನ ಬಂದೀತು. 22 ಬಂದರೆ ಯಾರೂ ತಿರುಗಿ ನೋಡುವುದಿಲ್ಲ.

ಪ್ರಶ್ನೆ: ಸಿಎಸ್‌ವಿ ಕಡತದಿಂದ ಹಾಕಿದ ಬಿಂದುಗಳು ಸಮುದ್ರದಲ್ಲಿ ಬಿದ್ದಿವೆ. ಸೆಟ್ ಸಿಆರ್‌ಎಸ್ ಎಂದು ಬದಲಿಸುತ್ತ ಹೋದಷ್ಟೂ ಬೇರೆ ಬೇರೆ ಕಡೆ ಹಾರುತ್ತಿವೆ.

ಸೆಟ್ ಲೇಯರ್ ಸಿಆರ್‌ಎಸ್ ಎನ್ನುವುದು ಡಬ್ಬಿಯ ಮೇಲಿನ ಚೀಟಿ ಬದಲಿಸುತ್ತದೆ, ಒಳಗಿನ ಸಾಮಾನಲ್ಲ. 4326ರ ಅಂಕಿಗಳಿಗೆ ಯುಟಿಎಂ ಚೀಟಿ ಅಂಟಿಸಿದರೆ 77 ಡಿಗ್ರಿ ಎಂಬುದು 77 ಮೀಟರ್ ಆಗುತ್ತದೆ. ಚೀಟಿ ತಪ್ಪಿದ್ದಾಗ ಮಾತ್ರ ಸೆಟ್ ಬಳಸಿ. ಅಂಕಿಗಳನ್ನೇ ಬದಲಿಸಬೇಕಾದಾಗ ಬಿಂದು, ಗೆರೆಗಳ ವೆಕ್ಟರ್‌ಗೆ ರೀಪ್ರಾಜೆಕ್ಟ್ ಲೇಯರ್, ಪಿಕ್ಸೆಲ್‌ಗಳ ರಾಸ್ಟರ್‌ಗೆ ವಾರ್ಪ್.

ಈಗ ನಿಮ್ಮ ಬಿಂದುಗಳ ಮಾತು. ಆಫ್ರಿಕಾದ ಪಶ್ಚಿಮಕ್ಕೆ, ಸೊನ್ನೆ ಅಕ್ಷಾಂಶ ಸೊನ್ನೆ ರೇಖಾಂಶ ಕೂಡುವಲ್ಲಿ ಎಲ್ಲವೂ ಗುಡ್ಡೆ ಬಿದ್ದಿದ್ದರೆ ವೆಬ್ ಮರ್ಕೇಟರ್ ಚೀಟಿ ಅಂಟಿದ ಡಿಗ್ರಿಗಳು ಅವು, ಇಲ್ಲವೇ ಖಾಲಿ ಕೋಶಗಳನ್ನು ಸೊನ್ನೆಯಿಂದ ತುಂಬಿದ್ದಾರೆ. ಆಕಾರ ಸರಿಯಿದ್ದು ಕನ್ನಡಿಯಲ್ಲಿ ಕಂಡಂತೆ ಮಗುಚಿ ಬೇರೆ ಖಂಡದಲ್ಲಿದ್ದರೆ ಎಕ್ಸ್ ಮತ್ತು ವೈ ಅದಲುಬದಲಾಗಿವೆ. ಎಕ್ಸ್ ರೇಖಾಂಶ, ವೈ ಅಕ್ಷಾಂಶ. ನಾವು ಬಾಯಲ್ಲಿ ಅಕ್ಷಾಂಶವನ್ನು ಮೊದಲು ಹೇಳುವುದರಿಂದ ಕೈಯೂ ಹಾಗೇ ಹೋಗುತ್ತದೆ. ಎಲ್ಲವೂ ಸರಿಯಿದ್ದು ಕೆಲವು ನೂರು ಮೀಟರ್ ಮಾತ್ರ ಜರುಗಿದ್ದರೆ ಹಳೆಯ ಡೇಟಂನ (ನಿರ್ದೇಶಾಂಕ ಅಳೆಯುವ ಆಧಾರದ) ನಕ್ಷೆಯಿಂದ ತೆಗೆದ ಅಂಕಿಗಳಿರಬೇಕು. ಕೈಯಿಂದ ಎಳೆದು ಕೂರಿಸಬೇಡಿ. ಮೂಲ ನಕ್ಷೆಯ ಅಂಚಿನಲ್ಲಿ ಬರೆದಿರುವ ಡೇಟಂ ಹೆಸರು ಓದಿ ಆ ಸಿಆರ್‌ಎಸ್ ಕೊಡಿ. ಒಂದು ಮೂಲೆಗೆ ಎಳೆದು ಹೊಂದಿಸಿದ್ದು ಇನ್ನೊಂದು ಮೂಲೆಯಲ್ಲಿ ಬಿಡುತ್ತದೆ.

ಪ್ರಶ್ನೆ: ಫೋನಿನಲ್ಲಿ ಅಳೆದ ಎತ್ತರ ಡಿಇಎಂನಲ್ಲಿರುವುದಕ್ಕಿಂತ ಎಲ್ಲ ಕಡೆಯೂ 85 ಮೀಟರ್ ಆಸುಪಾಸು ಕಡಿಮೆ. ಯಾವುದನ್ನು ನಂಬಲಿ?

ಎರಡನ್ನೂ ನಂಬಬಹುದು, ಅಳೆದ ತಳ ಬೇರೆ. ಎಲ್ಲ ಕಡೆಯೂ ಒಂದೇ ವ್ಯತ್ಯಾಸ ಎಂಬ ನಿಮ್ಮ ಮಾತಿನಲ್ಲೇ ಉತ್ತರವಿದೆ. ಉಪಗ್ರಹ ಸಂಕೇತದಿಂದ ಬರುವ ಎತ್ತರ ನಯವಾದ ಗಣಿತದ ಗೋಳದ ಮೇಲಿನದು, ಅಂದರೆ ಎಲಿಪ್ಸಾಯಿಡ್ ಎತ್ತರ. ಡಿಇಎಂನ ಎತ್ತರ ಸಮುದ್ರಮಟ್ಟವನ್ನು ಹೋಲುವ ಜಿಯಾಯಿಡ್ ಮೇಲಿನದು. ಭೂಮಿಯ ಗುರುತ್ವ ಎಲ್ಲ ಕಡೆ ಒಂದೇ ಸಮವಿಲ್ಲದ ಕಾರಣ ಈ ಎರಡರ ಅಂತರ ಜಗತ್ತಿನಲ್ಲಿ ಸುಮಾರು ಋಣ 106 ಮೀಟರಿನಿಂದ ಧನ 85 ಮೀಟರಿನವರೆಗೆ ಬದಲಾಗುತ್ತದೆ. ಅತಿ ಆಳದ ತಗ್ಗು ಹಿಂದೂ ಮಹಾಸಾಗರದಲ್ಲಿದೆ.

ಸೂತ್ರ: ಸಮುದ್ರಮಟ್ಟದ ಎತ್ತರ = ಎಲಿಪ್ಸಾಯಿಡ್ ಎತ್ತರ − ಜಿಯಾಯಿಡ್ ಅಂತರ. ಅಂತರ ಋಣ 85 ಆದರೆ ಋಣದ ಋಣ ಧನವಾಗಿ 85 ಕೂಡುತ್ತದೆ. ಇಲ್ಲೇ ಜಾರಿ 85 ಕಳೆದವರ ಗುಡ್ಡ 170 ಮೀಟರ್ ಕುಸಿಯುತ್ತದೆ. ಹಲವು ಕೈಹಿಡಿ ಜಿಪಿಎಸ್‌ಗಳು ಒಳಗಿನ ಕೋಷ್ಟಕ ನೋಡಿ ತಾವೇ ತಿದ್ದಿ ತೋರಿಸುತ್ತವೆ, ಹಾಗಾಗಿ ಉಪಕರಣ ಯಾವ ಎತ್ತರ ಬರೆಯುತ್ತದೆ ಎಂದು ಮೊದಲು ಖಚಿತಪಡಿಸಿಕೊಳ್ಳಿ. ಎರಡು ಸಲ ತಿದ್ದಿದರೆ ಮತ್ತೆ 85 ಮೀಟರ್ ತಪ್ಪು.

ಡಿಇಎಂಗಳೊಳಗೂ ಭೇದವಿದೆ. 2000ದ ಫೆಬ್ರವರಿಯಲ್ಲಿ ಬಾಹ್ಯಾಕಾಶ ನೌಕೆಯಿಂದ 11 ದಿನ ಅಳೆದ ಎಸ್‌ಆರ್‌ಟಿಎಂ ಎತ್ತರಗಳು ಇಜಿಎಂ96 ಜಿಯಾಯಿಡ್ ಮೇಲಿನವು. 2011ರಿಂದ 2015ರ ನಡುವಿನ ರೇಡಾರ್ ಮಾಹಿತಿಯಿಂದ ಮಾಡಿದ ಕೋಪರ್ನಿಕಸ್ ಡಿಇಎಂ ಇಜಿಎಂ2008 ಮೇಲಿನದು. ಇವೆರಡನ್ನು ಕಳೆದು ಇಷ್ಟು ಮಣ್ಣು ಹೋಯಿತು, ಇಷ್ಟು ತುಂಬಿತು ಎಂದು ಹೇಳುವ ಮುನ್ನ ಒಂದೇ ತಳಕ್ಕೆ ತನ್ನಿ. ಜಿಡಾಲ್‌ನ ವಾರ್ಪ್ ಆಜ್ಞೆಗೆ ಮೂಲವನ್ನು 4326+5773, ಗುರಿಯನ್ನು 4326+3855 ಎಂದು ಕೊಟ್ಟರೆ ಆಯಿತು, ಆದರೆ ಜಿಯಾಯಿಡ್ ಗ್ರಿಡ್ ಕಡತಗಳು ನಿಮ್ಮ ಯಂತ್ರದಲ್ಲಿರಬೇಕು. ಇಲ್ಲದಿದ್ದರೆ ಎತ್ತರಗಳು ಬದಲಾಗದೆಯೇ ಹೊರಬರಬಹುದು. ಹಾಗಾಗಿ ಒಂದು ಬಿಂದುವಿನ ಎತ್ತರವನ್ನು ಮೊದಲು ಮತ್ತು ಆಮೇಲೆ ಬರೆದಿಟ್ಟು ಹೋಲಿಸಿ. ಇನ್ನೂ ಒಂದು: ಎರಡೂ ಮೇಲ್ಮೈ ಮಾದರಿಗಳು. ಕಾಡಿದ್ದಲ್ಲಿ ಅವು ಹೇಳುವುದು ಬಹುಪಾಲು ಮರದ ಹಂದರದ ಎತ್ತರ, ನೆಲದ್ದಲ್ಲ.

ಪ್ರಶ್ನೆ: ಹಿಲ್‌ಶೇಡ್ (ಬೆಳಕು ನೆರಳಿನಲ್ಲಿ ಏರಿಳಿತ ತೋರಿಸುವ ನಕ್ಷೆ) ತುಂಬ ಅಡ್ಡಗೆರೆ ಉದ್ದಗೆರೆ, ಬಟ್ಟೆಯ ನೇಯ್ಗೆಯ ಹಾಗೆ.

ಪ್ರಕ್ಷೇಪ ಬದಲಿಸುವಾಗ ರೀಸ್ಯಾಂಪ್ಲಿಂಗ್ ಜಾಗದಲ್ಲಿ ನಿಯರೆಸ್ಟ್ ನೇಬರ್ (ಹತ್ತಿರದ ಪಿಕ್ಸೆಲ್‌ನ ಅಂಕಿಯನ್ನೇ ನಕಲಿಸುವುದು) ಉಳಿದುಬಿಟ್ಟಿದೆ. ಹೊಸ ಚೌಕದ ಜಾಲ ಹಳೆಯದರ ಮೇಲೆ ತುಸು ಓರೆಯಾಗಿ ಕೂರುತ್ತದೆ, ಕೆಲವು ಸಾಲುಗಳು ಎರಡು ಸಲ ಬರುತ್ತವೆ, ಕೆಲವು ಬಿಟ್ಟುಹೋಗುತ್ತವೆ. ಎರಡು ಸಲ ಬಂದಲ್ಲಿ ಇಳಿಜಾರು ಸೊನ್ನೆ, ಬಿಟ್ಟುಹೋದಲ್ಲಿ ದಿಢೀರ್ ಮೆಟ್ಟಿಲು. ಎತ್ತರದ ಬಣ್ಣದಲ್ಲಿ ಇದು ಕಾಣುವುದೇ ಇಲ್ಲ. ನೆರಳು ಬಿದ್ದಾಗ ಎದ್ದು ಬರುತ್ತದೆ. ಮೂಲ ಡಿಇಎಂಗೆ ಹಿಂದಿರುಗಿ ಬೈಲಿನಿಯರ್ ಕೊಟ್ಟು ಮತ್ತೆ ವಾರ್ಪ್ ಮಾಡಿ. ಕೆಟ್ಟಿದ್ದನ್ನು ನುಣುಪು ಮಾಡಿ ಸರಿಪಡಿಸಲು ಕೂರಬೇಡಿ. ಲೇಯರ್ ಮೇಲೆ ಬಲಗುಂಡಿ ಒತ್ತಿ ಎಕ್ಸ್‌ಪೋರ್ಟ್ ಮಾಡುವ ದಾರಿಯಲ್ಲಿ ಬೈಲಿನಿಯರ್ ಆಯ್ದುಕೊಳ್ಳುವ ಜಾಗವೇ ಇಲ್ಲ, ಅದಕ್ಕೇ ವಾರ್ಪ್ ಎನ್ನುವುದು. ಆ ಎಕ್ಸ್‌ಪೋರ್ಟ್ ಕಿಟಕಿಯಲ್ಲಿ ಇನ್ನೊಂದು ಹಳ್ಳವಿದೆ: ರಾ ಡೇಟಾ ಬದಲು ರೆಂಡರ್ಡ್ ಇಮೇಜ್ ಒತ್ತಿದರೆ ಎತ್ತರಗಳು ಹೋಗಿ 0ರಿಂದ 255ರ ಬಣ್ಣದ ಅಂಕಿಗಳು ಉಳಿಯುತ್ತವೆ. 900 ಮೀಟರಿನ ಬೆಟ್ಟ 212 ಆಗಿರುವುದು ಕಂಡರೆ ಇದೇ ಕಾರಣ.

ಗೆರೆಗಳು ನೇರವಾಗಿರದೆ ಬಯಲಿನಲ್ಲಿ ಗದ್ದೆಯ ಬದುಗಳಂತೆ ಬಳುಕಿದ್ದರೆ ಅದು ಬೇರೆ. ಪೂರ್ಣಾಂಕ ಡಿಇಎಂನಲ್ಲಿ ಎತ್ತರ 1 ಮೀಟರ್ ಮೆಟ್ಟಿಲಾಗಿಯೇ ಏರಬೇಕು. ಅಲ್ಲಿ 5 × 5 ಪಿಕ್ಸೆಲ್ ಕಿಟಕಿಯಲ್ಲಿ ಗ್ರಾಸ್‌ನ ಆರ್.ನೇಬರ್ಸ್ ಸರಾಸರಿ ಓಡಿಸಬಹುದು, ಫಲಿತಾಂಶ ದಶಾಂಶದಲ್ಲಿ ಬರುತ್ತದೆ. ಚಿತ್ರಕ್ಕೆ ಇದು ಸಾಕು. ಬಯಲಿನ 1 ಡಿಗ್ರಿ, 2 ಡಿಗ್ರಿ ಇಳಿಜಾರಿನ ಮೇಲೆ ತೀರ್ಮಾನ ಮಾಡುವವರು ಮಾತ್ರ ಆ ಅಂಕಿಗಳನ್ನು ನೆಚ್ಚಬಾರದು.

ಪ್ರಶ್ನೆ: ಜಲಾನಯನ ತೆಗೆಯಲು ನದಿಯ ಮೇಲೆಯೇ ಕ್ಲಿಕ್ ಮಾಡಿದ್ದೇನೆ. ಬಂದದ್ದು ನಾಲ್ಕೈದು ಪಿಕ್ಸೆಲ್‌ನ ತುಂಡು. ಜೊತೆಗೆ ಬಯಲಿನಲ್ಲಿ ಹೊಳೆಗಳು ಬಾಚಣಿಗೆಯ ಹಲ್ಲಿನಂತೆ ನೆಟ್ಟಗೆ ಸಾಲಾಗಿ ಹರಿಯುತ್ತಿವೆ. ಒಂದು ಕಡೆ ಗುಡ್ಡ ಹತ್ತಿದೆ.

ಮೂರೂ ಬೇರೆ ಬೇರೆ ಕಾಯಿಲೆ.

ಮೊದಲನೆಯದು. ನೀವು ಕ್ಲಿಕ್ ಮಾಡಿದ್ದು ಹಿನ್ನೆಲೆ ಚಿತ್ರದ ನದಿಯ ಮೇಲೆ. ಜಲಾನಯನ ತೆಗೆಯುವ ಗ್ರಾಸ್ ಆಜ್ಞೆ ಆರ್.ವಾಟರ್.ಔಟ್‌ಲೆಟ್ ನೋಡುವುದು ಡಿಇಎಂನಿಂದ ಹುಟ್ಟಿದ ಹರಿವಿನ ದಿಕ್ಕನ್ನು, ಮತ್ತು ಆ ನದಿಗೆ ಅಗಲ ಒಂದೇ ಪಿಕ್ಸೆಲ್. ಒಂದು ಪಿಕ್ಸೆಲ್ ಪಕ್ಕಕ್ಕೆ ಬಿದ್ದರೂ ನಿಮಗೆ ಸಿಗುವುದು ದಡದ ಜಲಾನಯನ. ಆರ್.ವಾಟರ್‌ಶೆಡ್ ಕೊಡುವ ಅಕ್ಯುಮ್ಯುಲೇಶನ್ ಪದರವನ್ನು (ಎಷ್ಟು ಪಿಕ್ಸೆಲ್‌ಗಳ ನೀರು ಅಲ್ಲಿಗೆ ಬಂದು ಸೇರುತ್ತದೆ ಎಂಬ ಎಣಿಕೆಯನ್ನು) ಮೇಲೆ ಹಾಕಿ, ಪಿಕ್ಸೆಲ್‌ಗಳು ಬಿಡಿಬಿಡಿಯಾಗಿ ಕಾಣುವಷ್ಟು ಹತ್ತಿರ ಹೋಗಿ, ಐಡೆಂಟಿಫೈ ಉಪಕರಣದಿಂದ ಸುತ್ತಲಿನ ಅಂಕಿ ನೋಡಿ. ಪಕ್ಕಪಕ್ಕದಲ್ಲೇ 6, 11, 48230 ಎಂದು ಬರುತ್ತದೆ. ಆ 48230ರ ನಡುವಿನ ನಿರ್ದೇಶಾಂಕ ಕೊಡಿ. 30 ಮೀಟರಿನ ಒಂದು ಪಿಕ್ಸೆಲ್ 900 ಚದರ ಮೀಟರ್, ಆದ್ದರಿಂದ ಈ ಜಲಾನಯನ 43 ಚದರ ಕಿಲೋಮೀಟರ್ ಆಸುಪಾಸು ಬರಬೇಕು ಎಂದು ಮೊದಲೇ ಗೊತ್ತಾಗುತ್ತದೆ. ಬಿಂದುಗಳು ನೂರಾರು ಇದ್ದರೆ ಆರ್.ಸ್ಟ್ರೀಮ್.ಸ್ನ್ಯಾಪ್ ಎಂಬ ಗ್ರಾಸ್ ಆಡ್‌ಆನ್ ಅವನ್ನು ತಾನೇ ಹತ್ತಿರದ ಹೊಳೆಗೆ ಸರಿಸುತ್ತದೆ.

ಅಕ್ಯುಮ್ಯುಲೇಶನ್‌ನಲ್ಲಿ ಋಣ ಸಂಖ್ಯೆಗಳಿದ್ದರೆ ಹೆದರಬೇಡಿ, ನಿರ್ಲಕ್ಷಿಸಲೂ ಬೇಡಿ. ನಕ್ಷೆಯ ಆಚೆಯಿಂದಲೂ ಇಲ್ಲಿಗೆ ನೀರು ಬರುತ್ತಿರಬಹುದು, ಈ ಲೆಕ್ಕ ಪೂರ್ತಿಯಲ್ಲ ಎಂದು ಆರ್.ವಾಟರ್‌ಶೆಡ್ ಹೇಳುವ ಬಗೆ ಅದು. ನಿಮ್ಮ ನದಿಯೇ ಋಣವಾಗಿದ್ದರೆ ಡಿಇಎಂ ಅನ್ನು ತೀರ ಬಿಗಿಯಾಗಿ ಕತ್ತರಿಸಿದ್ದೀರಿ. ಇನ್ನಷ್ಟು ದೊಡ್ಡ ತುಂಡು ತೆಗೆದುಕೊಳ್ಳಿ. ಆಡಳಿತದ ಗಡಿಗೆ ಸರಿಯಾಗಿ ಡಿಇಎಂ ಕತ್ತರಿಸಿ ಆಮೇಲೆ ಹೊಳೆ ಹುಡುಕುವುದು ಎಲ್ಲರೂ ಮಾಡುವ ತಪ್ಪು. ನೀರಿಗೆ ಆ ಗಡಿ ಗೊತ್ತಿಲ್ಲ.

ಎರಡನೆಯದು, ಬಾಚಣಿಗೆ. ಮೊದಲು ಫಿಲ್ ಸಿಂಕ್ಸ್ ಓಡಿಸಿರುತ್ತೀರಿ. ತಗ್ಗನ್ನು ತುಂಬಿದರೆ ಅದು ತಟ್ಟೆಯಂತೆ ಸಮತಟ್ಟಾಗುತ್ತದೆ. ಸಮತಟ್ಟಿನಲ್ಲಿ ನೀರಿಗೆ ದಿಕ್ಕಿಲ್ಲ, ತಂತ್ರಾಂಶ ಯಾವುದಾದರೊಂದು ನಿಯಮದಂತೆ ಎಲ್ಲ ಪಿಕ್ಸೆಲ್‌ಗಳನ್ನೂ ಒಂದೇ ಕಡೆ ತಿರುಗಿಸುತ್ತದೆ. ಆರ್.ವಾಟರ್‌ಶೆಡ್‌ಗೆ ತುಂಬಿದ ಡಿಇಎಂ ಬೇಕಿಲ್ಲ. ತಗ್ಗಿನಿಂದ ಹೊರಬೀಳುವ ಕಡಿಮೆ ಖರ್ಚಿನ ದಾರಿಯನ್ನು ಅದೇ ಹುಡುಕಿಕೊಳ್ಳುತ್ತದೆ. ಹಸಿ ಡಿಇಎಂ ಅನ್ನೇ ಕೊಡಿ. ಕೆರೆ, ಜಲಾಶಯದ ನೀರಿನ ಮೇಲೆ ಬಂದ ಗೆರೆಗಳಿಗಂತೂ ಅರ್ಥವೇ ಇಲ್ಲ, ಅವನ್ನು ಅಳಿಸಿಬಿಡಿ.

ಮೂರನೆಯದು ನಿಜಕ್ಕೂ ಗುಡ್ಡ ಹತ್ತಿದ್ದಲ್ಲ, ಅಡ್ಡಗಟ್ಟೆ ಸಿಕ್ಕಿ ಬೇರೆ ಕಡೆ ಉಕ್ಕಿದ್ದು. ರಸ್ತೆ ದಿಬ್ಬ, ಸೇತುವೆ, ಕಣಿವೆಯ ಮೇಲೆ ಬಾಗಿದ ಮರಗಳು, ಇವೆಲ್ಲ ಡಿಇಎಂಗೆ ಗೋಡೆ. ಸೇತುವೆಯ ಕೆಳಗೆ ನೀರು ಹೋಗುತ್ತದೆ ಎಂದು ಅದಕ್ಕೆ ಯಾರು ಹೇಳಬೇಕು? ಲೈಡಾರ್‌ನ (ಲೇಸರ್ ಅಳತೆಯ) 1 ಮೀಟರ್ ಡಿಇಎಂನಲ್ಲಿ ಈ ಕಾಟ ಇನ್ನೂ ಹೆಚ್ಚು, ಮೋರಿ ಇದ್ದಲ್ಲೆಲ್ಲ ಒಂದೊಂದು ಅಣೆಕಟ್ಟು ಎದ್ದಿರುತ್ತದೆ. ತುಂಬುವುದರ ಬದಲು ಕೊರೆಯುವುದು ಇಲ್ಲಿ ಸರಿಯಾದ ದಾರಿ. ವೈಟ್‌ಬಾಕ್ಸ್‌ಟೂಲ್ಸ್‌ನಲ್ಲಿ ಬ್ರೀಚ್ ಡಿಪ್ರೆಶನ್ಸ್ ಲೀಸ್ಟ್ ಕಾಸ್ಟ್ ಎಂಬುದು ಗೋಡೆಯನ್ನು ತೆಳುವಾಗಿ ಸೀಳಿ ಹಿಂದಿನ ತಗ್ಗನ್ನು ಮುಂದಿನ ಕಣಿವೆಗೆ ಸೇರಿಸುತ್ತದೆ. ಎಷ್ಟು ಪಿಕ್ಸೆಲ್ ದೂರ ಹುಡುಕಬೇಕು ಎಂಬ ಮಿತಿಯನ್ನು ರಸ್ತೆಯ ಅಗಲಕ್ಕಿಂತ ಹೆಚ್ಚಿಡಿ. ಹೊಳೆಯ ನಕ್ಷೆ ಕೈಯಲ್ಲಿದ್ದರೆ ಗ್ರಾಸ್‌ನ ಆರ್.ಕಾರ್ವ್ ಅದೇ ಗೆರೆಯಗುಂಟ ಡಿಇಎಂ ಅನ್ನು ಕೆತ್ತುತ್ತದೆ. ಎಚ್ಚರ ಬೇಕಾದದ್ದು ಇಲ್ಲೇ: ಆ ಗೆರೆ ಡಿಇಎಂನ ಕಣಿವೆಯಿಂದ ಎರಡು ಪಿಕ್ಸೆಲ್ ಜರುಗಿದ್ದರೆ ಒಂದು ನದಿಗೆ ಎರಡು ಪಾತ್ರ ಆಗಿ, ಪಕ್ಕಪಕ್ಕದಲ್ಲಿ ಎರಡೂ ಹರಿಯುತ್ತವೆ.

ಆರ್.ವಾಟರ್‌ಶೆಡ್‌ನಲ್ಲಿ ಥ್ರೆಶೋಲ್ಡ್ ಎಷ್ಟಿಡಬೇಕು ಎಂದು ಹಲವರು ಕೇಳಿದ್ದೀರಿ. ಅದು ಪಿಕ್ಸೆಲ್‌ಗಳ ಎಣಿಕೆ. 30 ಮೀಟರ್ ಡಿಇಎಂನಲ್ಲಿ 1111 ಪಿಕ್ಸೆಲ್ ಅಂದರೆ 1 ಚದರ ಕಿಲೋಮೀಟರ್. ಅಷ್ಟು ನೆಲದ ನೀರು ಕೂಡಿದಲ್ಲಿಂದ ಹೊಳೆ ಶುರು ಎಂದು ಅರ್ಥ. ಎಲ್ಲ ಕಡೆಗೂ ಸಲ್ಲುವ ಅಂಕಿಯಿಲ್ಲ. ನೀವು ನೋಡಿ ಬಲ್ಲ ಒಂದು ತೊರೆ ಎಲ್ಲಿ ಹುಟ್ಟುತ್ತದೆಯೋ ಅಲ್ಲಿನ ಅಕ್ಯುಮ್ಯುಲೇಶನ್ ಓದಿ, ಅದನ್ನೇ ಇಡಿ.

ಪ್ರಶ್ನೆ: 12000 × 12000 ಪಿಕ್ಸೆಲ್ ಡಿಇಎಂ ಮೇಲೆ ಆರ್.ವಾಟರ್‌ಶೆಡ್ ಅರ್ಧದಲ್ಲೇ ನಿಲ್ಲುತ್ತದೆ. 4 ಜಿಬಿ ರ್‍ಯಾಮ್ ಇದೆ.

ಮಾಮೂಲು ವಿಧಾನದಲ್ಲಿ ಅದಕ್ಕೆ ಪ್ರತಿ 10 ಲಕ್ಷ ಪಿಕ್ಸೆಲ್‌ಗೆ ಹೆಚ್ಚೆಂದರೆ 31 ಎಂಬಿ ಬೇಕು. ನಿಮ್ಮದು 14.4 ಕೋಟಿ ಪಿಕ್ಸೆಲ್, ಸುಮಾರು 4.5 ಜಿಬಿ ಆಯಿತು. -ಎಂ ಫ್ಲ್ಯಾಗ್ (ಆಜ್ಞೆಯ ಜೊತೆ ಬರೆಯುವ ಆಯ್ಕೆಯ ಗುರುತು) ಕೊಟ್ಟು ಮೆಮೊರಿ ಎಂಬಲ್ಲಿ 2000 ಬರೆಯಿರಿ; ಉಳಿದದ್ದನ್ನು ಅದು ಡಿಸ್ಕಿನಲ್ಲಿಟ್ಟು ಕೆಲಸ ಮಾಡುತ್ತದೆ. ತಡವಾಗುತ್ತದೆ, ಮುಗಿಯುತ್ತದೆ.

ಪ್ರಶ್ನೆ: ಗ್ರಾಸ್‌ನಲ್ಲಿ ಯಾವ ಆಜ್ಞೆ ಕೊಟ್ಟರೂ ಖಾಲಿ ರಾಸ್ಟರ್, ಇಲ್ಲವೇ ಇಟ್ಟಿಗೆಯಂಥ ದಪ್ಪ ಪಿಕ್ಸೆಲ್. ತಪ್ಪು ಸಂದೇಶ ಒಂದೂ ಇಲ್ಲ.

ಗ್ರಾಸ್ ಲೆಕ್ಕ ಹಾಕುವುದು ರಾಸ್ಟರ್‌ನ ಅಳತೆಯಲ್ಲಲ್ಲ, ರೀಜನ್ ಎಂದು ಗುರುತು ಮಾಡಿಟ್ಟ ಚೌಕಟ್ಟಿನಲ್ಲಿ. ರೀಜನ್ ಬೇರೆ ಕಡೆಯಿದ್ದರೆ ಉತ್ತರ ಖಾಲಿ. ರೀಜನ್‌ನ ರೆಸಲ್ಯೂಶನ್ 500 ಮೀಟರ್ ಇದ್ದರೆ 30 ಮೀಟರ್ ಡಿಇಎಂ ಅನ್ನೂ ಅದು ಸದ್ದಿಲ್ಲದೆ 500ರ ಚೌಕಕ್ಕೊಂದು ಪಿಕ್ಸೆಲ್ ಎಂದು ಆರಿಸಿ ಓದುತ್ತದೆ. ಬೇರೆ ತಂತ್ರಾಂಶದಿಂದ ಬಂದವರು ಎಡವುವುದು ಇದೇ ಹೊಸ್ತಿಲಲ್ಲಿ, ಆದರೆ ರೂಢಿಯಾದ ಮೇಲೆ ಇದರಷ್ಟು ಅನುಕೂಲ ಬೇರಿಲ್ಲ: ಚಿಕ್ಕ ರೀಜನ್ ಇಟ್ಟು ಪರೀಕ್ಷಿಸಿ, ಸರಿ ಬಂದರೆ ದೊಡ್ಡದು ಮಾಡಿ ಓಡಿಸಬಹುದು. ಪ್ರತಿ ಕೆಲಸದ ಮೊದಲು ಜಿ.ರೀಜನ್ ಆಜ್ಞೆಗೆ ರಾಸ್ಟರ್ ಹೆಸರು ಮತ್ತು -ಪಿ ಕೊಟ್ಟು, ಅದು ಅಚ್ಚು ಹಾಕುವ ಸಾಲು, ಕಂಬ, ರೆಸಲ್ಯೂಶನ್ ಓದಿ.

ಅದೂ ಸರಿಯಿದ್ದರೆ ಹಿಂದೆಂದೋ ಹಾಕಿ ಮರೆತ ಮಾಸ್ಕ್ (ಲೆಕ್ಕವನ್ನು ಒಂದು ಜಾಗಕ್ಕಷ್ಟೇ ಸೀಮಿತಗೊಳಿಸುವ ಮುಸುಕು) ಇರಬಹುದು. ಆರ್.ಮಾಸ್ಕ್ -ಆರ್ ಅದನ್ನು ಕಳಚುತ್ತದೆ.

ಪ್ರಶ್ನೆ: ಪ್ರತಿ ಜಮೀನು ತುಂಡಿನ ಸರಾಸರಿ ಆಸ್ಪೆಕ್ಟ್ (ಇಳಿಜಾರು ಮುಖ ಮಾಡಿದ ದಿಕ್ಕು) ತೆಗೆದೆ. ಉತ್ತರಕ್ಕೆ ಮುಖ ಮಾಡಿದ ಇಳಿಜಾರುಗಳೆಲ್ಲ ದಕ್ಷಿಣ ಎಂದು ಬಂದಿವೆ!

350 ಡಿಗ್ರಿಯೂ ಉತ್ತರ, 10 ಡಿಗ್ರಿಯೂ ಉತ್ತರ, ಎರಡರ ಸರಾಸರಿ 180, ಅಪ್ಪಟ ದಕ್ಷಿಣ. ಕೋನಗಳನ್ನು ನೇರವಾಗಿ ಸರಾಸರಿ ಮಾಡಲಾಗದು. ರಾಸ್ಟರ್ ಕ್ಯಾಲ್ಕ್ಯುಲೇಟರ್‌ನಲ್ಲಿ ಆಸ್ಪೆಕ್ಟನ್ನು 0.0174533ರಿಂದ ಗುಣಿಸಿ ಅದರ ಸೈನ್ ಒಂದು ರಾಸ್ಟರ್, ಕೊಸೈನ್ ಒಂದು ರಾಸ್ಟರ್ ಮಾಡಿ. ಎರಡಕ್ಕೂ ಝೋನಲ್ ಸ್ಟ್ಯಾಟಿಸ್ಟಿಕ್ಸ್‌ನಿಂದ ಸರಾಸರಿ ತೆಗೆದು, ಫೀಲ್ಡ್ ಕ್ಯಾಲ್ಕ್ಯುಲೇಟರ್‌ನ ಎಟ್ಯಾನ್2ಗೆ ಮೊದಲು ಸೈನ್, ಆಮೇಲೆ ಕೊಸೈನ್ ಕೊಡಿ. ಡಿಗ್ರಿಗೆ ತಿರುಗಿಸಿ, ಋಣ ಬಂದರೆ 360 ಕೂಡಿಸಿ.

ಇದರ ಜೊತೆಗೆ ಇನ್ನೊಂದು ನೋಡಿಕೊಳ್ಳಿ. ಜಿಡಾಲ್ ಉತ್ತರದಿಂದ ಪ್ರದಕ್ಷಿಣೆಯಾಗಿ ಎಣಿಸುತ್ತದೆ. ಗ್ರಾಸ್‌ನ ಆರ್.ಸ್ಲೋಪ್.ಆಸ್ಪೆಕ್ಟ್ ಪೂರ್ವದಿಂದ ಅಪ್ರದಕ್ಷಿಣೆಯಾಗಿ ಎಣಿಸುತ್ತದೆ, ಅದರಲ್ಲಿ 90 ಅಂದರೆ ಉತ್ತರ. 450ರಿಂದ ಆ ಅಂಕಿ ಕಳೆದು, 360 ಮೀರಿದರೆ 360 ತೆಗೆದರೆ ದಿಕ್ಸೂಚಿಯ ಕೋನ ಸಿಗುತ್ತದೆ. -ಎನ್ ಫ್ಲ್ಯಾಗ್ ಕೊಟ್ಟರೆ ಅದೇ ಆ ಕೆಲಸ ಮಾಡುತ್ತದೆ.

ಪ್ರಶ್ನೆ: ಊರು, ಬೆಟ್ಟಗಳ ಹೆಸರನ್ನು ಕನ್ನಡದಲ್ಲಿ ತುಂಬಿದ್ದೆ. ಉಳಿಸಿ ತೆರೆದರೆ ಕೆಲವು ಪ್ರಶ್ನಾರ್ಥಕ ಚಿಹ್ನೆಗಳಾಗಿವೆ, ಕೆಲವು ಅರ್ಧಕ್ಕೇ ತುಂಡಾಗಿವೆ.

ಶೇಪ್‌ಫೈಲ್ ಎಂಬ ಹಳೆಯ ಬಗೆಯ ನಕ್ಷೆ ಕಡತದ ಪ್ರತಾಪ. ಅದರ ಜೊತೆಗಿರುವ ಡಿಬಿಎಫ್ ಕಡತ ಕನ್ನಡ ಗೊತ್ತಿಲ್ಲದ ಕಾಲದ್ದು. ಪಠ್ಯದ ಮಿತಿ 254 ಬೈಟ್, ಕಾಲಂ ಹೆಸರಿನ ಮಿತಿ 10 ಬೈಟ್. ಯುಟಿಎಫ್-8ರಲ್ಲಿ ಕನ್ನಡದ ಒಂದೊಂದು ಸಂಕೇತಕ್ಕೂ 3 ಬೈಟ್. ‘ಬೆಟ್ಟ’ ಎಂಬ ಎರಡಕ್ಷರದಲ್ಲಿ ಬ, ಎತ್ವ, ಟ, ವಿರಾಮ, ಟ ಎಂದು ಐದು ಸಂಕೇತ, 15 ಬೈಟ್. ಕಾಲಂ ಹೆಸರಾಗಿ ಅದು ಹಿಡಿಸುವುದೇ ಇಲ್ಲ. ಪಠ್ಯಕ್ಕೆ ಹೆಚ್ಚೆಂದರೆ 84 ಸಂಕೇತ. ಪ್ರಶ್ನಾರ್ಥಕ ಚಿಹ್ನೆಗಳಿಗೆ ಕಾರಣ, ಉಳಿಸುವಾಗ ಎನ್‌ಕೋಡಿಂಗ್ ಯುಟಿಎಫ್-8 ಇರಲಿಲ್ಲ. ಹಾಗೆ ಉಳಿಸಿದ್ದರಲ್ಲಿ ಅಕ್ಷರಗಳು ಹೋದವು ಎಂದೇ ಲೆಕ್ಕ, ಮರಳಿ ಬರುವುದಿಲ್ಲ. ಪ್ರಶ್ನಾರ್ಥಕಗಳ ಬದಲು ವಿಚಿತ್ರ ಲಿಪಿ ಕಂಡರೆ ಮಾತ್ರ ಆಸೆಯಿದೆ: ಲೇಯರ್ ಪ್ರಾಪರ್ಟೀಸ್‌ನ ಸೋರ್ಸ್ ಪುಟದಲ್ಲಿ ಎನ್‌ಕೋಡಿಂಗ್ ಬದಲಿಸಿ ನೋಡಿ.

ಇನ್ನು ಮುಂದೆ ಜಿಯೋಪ್ಯಾಕೇಜ್‌ನಲ್ಲಿ ಉಳಿಸಿ. ಒಂದೇ ಕಡತ, ಯುಟಿಎಫ್-8, ಈ ಮಿತಿಗಳಿಲ್ಲ. ಫೋಲ್ಡರ್‌ಗೆ ಮತ್ತು ಕಡತಕ್ಕೆ ಮಾತ್ರ ಕನ್ನಡ ಹೆಸರಿಡದಿರುವುದು ಕ್ಷೇಮ. ಕನ್ನಡ ಅಕ್ಷರವೋ ಬರೀ ಒಂದು ಖಾಲಿ ಜಾಗವೋ ದಾರಿಯಲ್ಲಿದ್ದರೆ ಗ್ರಾಸ್, ಸಾಗಾ ಉಪಕರಣಗಳು ಕಡತ ಸಿಗಲಿಲ್ಲ ಎಂದು ಕೈಚೆಲ್ಲುವುದುಂಟು.

ಪ್ರಶ್ನೆ: ಡೇಟಾಬೇಸ್ ತಂತ್ರಾಂಶ ಹಾಕಿಕೊಂಡ ಮೇಲೆ ಕ್ಯೂಜಿಐಎಸ್‌ನಲ್ಲಿ ಸಿಆರ್‌ಎಸ್ ಪಟ್ಟಿಯೇ ಖಾಲಿ. ಪ್ರೋಜ್.ಡಿಬಿ ಬೇರೆ ಇನ್‌ಸ್ಟಾಲೇಶನ್‌ನಿಂದ ಬಂದಿದೆ ಎಂಬರ್ಥದ ದೂರು ಬರುತ್ತಿದೆ.

ಆ ದೂರು ಅಕ್ಷರಶಃ ನಿಜ. ಸಿಆರ್‌ಎಸ್‌ಗಳ ಕೋಷ್ಟಕ ಪ್ರೋಜ್.ಡಿಬಿ ಎಂಬ ಕಡತದಲ್ಲಿರುತ್ತದೆ. ಹೊಸದಾಗಿ ಬಂದ ತಂತ್ರಾಂಶ ತನ್ನ ಪ್ರೋಜ್ ಫೋಲ್ಡರ್‌ನ ದಾರಿಯನ್ನು ಇಡೀ ಯಂತ್ರಕ್ಕೇ ಸಾರಿಬಿಟ್ಟಿದೆ. ವಿಂಡೋಸ್‌ನ ಎನ್ವಿರಾನ್‌ಮೆಂಟ್ ವೇರಿಯಬಲ್ಸ್ ಪಟ್ಟಿಯಲ್ಲಿ ಪ್ರೋಜ್_ಲಿಬ್ ಅಥವಾ ಪ್ರೋಜ್_ಡೇಟಾ ಇದೆಯೇ ನೋಡಿ. ಇದ್ದರೆ ಅದರ ಬೆಲೆಯನ್ನು ಒಂದು ಕಡೆ ಬರೆದಿಟ್ಟುಕೊಂಡು, ಹೆಸರಿನ ಮುಂದೆ ಒಂದು ಅಕ್ಷರ ಸೇರಿಸಿ ನಿಷ್ಕ್ರಿಯಗೊಳಿಸಿ, ಕ್ಯೂಜಿಐಎಸ್ ಮುಚ್ಚಿ ತೆರೆಯಿರಿ. ಪಟ್ಟಿ ಬಂತೆಂದರೆ ಕಳ್ಳ ಸಿಕ್ಕಿದ. ಡೇಟಾಬೇಸ್‌ಗೆ ಅದು ಬೇಕೇ ಬೇಕು ಎಂದಾದರೆ ಆ ವೇರಿಯಬಲ್ ಹಾಗೇ ಇರಲಿ. ಕ್ಯೂಜಿಐಎಸ್ ತೆರೆಯುವ ಬ್ಯಾಚ್ ಕಡತದಲ್ಲಿ ಮಾತ್ರ ಅದನ್ನು ಕ್ಯೂಜಿಐಎಸ್‌ನ ಸ್ವಂತ ಶೇರ್ ಫೋಲ್ಡರ್‌ನ ಪ್ರೋಜ್‌ಗೆ ತಿರುಗಿಸಿ.

ಪ್ರಶ್ನೆ: ಡಿಇಎಂ ತೆರೆದರೆ ಬರೀ ಬಿಳಿ ಹಾಳೆ.

ಕನಿಷ್ಠ ಎತ್ತರ −32768 ಎಂದು ತೋರಿಸುತ್ತಿದೆಯೇ? ಅದು ಮಾಹಿತಿ ಇಲ್ಲದ ಜಾಗದ ಗುರುತು. ಅದನ್ನೂ ಎತ್ತರವೆಂದು ತಿಳಿದು ಬಣ್ಣ ಹಂಚಲಾಗಿದೆ. ಟ್ರಾನ್ಸ್‌ಪರೆನ್ಸಿ ಪುಟದಲ್ಲಿ ಹೆಚ್ಚುವರಿ ನೋಡೇಟಾ ಎಂದು −32768 ಕೊಟ್ಟರೆ ಕಣ್ಣಿಗೆ ಸರಿಯಾಗುತ್ತದೆ. ಆದರೆ ಲೆಕ್ಕ ಮಾಡುವ ಮುನ್ನ ಟ್ರಾನ್ಸ್‌ಲೇಟ್ ಉಪಕರಣದಲ್ಲಿ ಅಸೈನ್ ನೋಡೇಟಾ ಎಂದು ಕಡತದೊಳಗೇ ಬರೆಸಿ. ಇಲ್ಲದಿದ್ದರೆ ತೂತಿನ ಅಂಚಿನಲ್ಲೆಲ್ಲ 33 ಕಿಲೋಮೀಟರ್ ಪ್ರಪಾತ ಎಂದು ಸ್ಲೋಪ್ ಬರುತ್ತದೆ. 0 ಅನ್ನು ನೋಡೇಟಾ ಮಾಡಬೇಡಿ, ಕಡಲ ತೀರ ಮಾಯವಾಗುತ್ತದೆ.

ಪ್ರಶ್ನೆ: ಗೋಪುರದಿಂದ 20 ಕಿಲೋಮೀಟರ್ ದೂರದವರೆಗೆ ಏನೇನು ಕಾಣುತ್ತದೆ ಎಂದು ಆರ್.ವ್ಯೂಶೆಡ್ ಹೇಳಿದ್ದಕ್ಕಿಂತ ನಿಜದಲ್ಲಿ ಕಡಿಮೆ ಕಾಣುತ್ತದೆ.

-ಸಿ ಫ್ಲ್ಯಾಗ್ ಕೊಡದಿದ್ದರೆ ಅದು ಭೂಮಿಯನ್ನು ಚಪ್ಪಟೆ ಎಂದೇ ಹಿಡಿಯುತ್ತದೆ. 10 ಕಿಲೋಮೀಟರ್‌ಗೆ ನೆಲ 7.8 ಮೀಟರ್ ಬಾಗುತ್ತದೆ, 20ಕ್ಕೆ 31 ಮೀಟರ್. ಬೆಳಕೂ ಗಾಳಿಯಲ್ಲಿ ತುಸು ಬಾಗುವುದರಿಂದ ಏಳನೇ ಒಂದು ಭಾಗ ವಾಪಸು ಸಿಗುತ್ತದೆ, ಅದಕ್ಕೆ -ಆರ್. ಎರಡನ್ನೂ ಕೊಡಿ. ನೋಡುವವರ ಎತ್ತರ ನೀವು ಬದಲಿಸದಿದ್ದರೆ 1.75 ಮೀಟರ್, ಅಂದರೆ ಗೋಪುರದ ಬುಡದಲ್ಲಿ ನಿಂತ ಮನುಷ್ಯ. ಅಲ್ಲಿ ಗೋಪುರದ ಎತ್ತರ ಬರೆಯಬೇಕು.

ಪ್ರಶ್ನೆ: ಕ್ಯೂಜಿಐಎಸ್ ತೆರೆದ ಕೂಡಲೇ ಮುಚ್ಚಿಕೊಳ್ಳುತ್ತದೆ. ಏನು ಬರೆದು ಕಳಿಸಿದರೆ ನೀವು ಹೇಳಬಲ್ಲಿರಿ?

ಮೊದಲು ಹೊಸ ಪ್ರೊಫೈಲ್‌ನಲ್ಲಿ ತೆರೆದು ನೋಡಿ. ಕಿಟಕಿ ಒಂದು ಗಳಿಗೆ ನಿಂತರೆ ಸೆಟ್ಟಿಂಗ್ಸ್, ಯೂಸರ್ ಪ್ರೊಫೈಲ್ಸ್, ನ್ಯೂ ಪ್ರೊಫೈಲ್. ನಿಲ್ಲದಿದ್ದರೆ ಆಜ್ಞಾ ಸಾಲಿನಲ್ಲಿ ಎರಡು ಅಡ್ಡಗೆರೆಯ ಪ್ರೊಫೈಲ್ ಆಯ್ಕೆಯ ಮುಂದೆ ಹೊಸ ಹೆಸರು ಕೊಟ್ಟು ತೆರೆಯಿರಿ. ಹೊಸದರಲ್ಲಿ ನಿಂತರೆ ಹಳೆಯದರ ಯಾವುದೋ ಪ್ಲಗಿನ್ ಕಾರಣ. ಒಂದೊಂದನ್ನೇ ಹೊಸ ಪ್ರೊಫೈಲ್‌ಗೆ ಸೇರಿಸುತ್ತ ಹೋಗಿ, ಬಿದ್ದದ್ದೇ ಅಪರಾಧಿ.

ಅದರಲ್ಲೂ ಬಿದ್ದರೆ ನಮಗೆ ಬರೆಯಿರಿ. ಆವೃತ್ತಿ ಸಂಖ್ಯೆ ಪೂರ್ತಿ ಬೇಕು, 3.34 ಎಂದು ಬಿಡದೆ ಕೊನೆಯ ಅಂಕಿಯೂ ಇರಲಿ. ಯಾವ ಆಪರೇಟಿಂಗ್ ಸಿಸ್ಟಂ ಎಂಬುದೂ. ಉಪಕರಣ ಓಡಿಸುವಾಗ ಬಂದ ತೊಂದರೆಯಾದರೆ ಲಾಗ್ ಪುಟದ ಬರಹವನ್ನು ನಕಲಿಸಿ ಅಂಟಿಸಿ, ಫೋನಿನಲ್ಲಿ ತೆಗೆದ ಪರದೆಯ ಫೋಟೊ ಬೇಡ. ಲೇಯರ್‌ನ ಇನ್‌ಫರ್ಮೇಶನ್ ಪುಟದಿಂದ ಸಿಆರ್‌ಎಸ್, ಪಿಕ್ಸೆಲ್ ಅಳತೆ, ನೋಡೇಟಾ ಈ ಮೂರು ಸಾಲು. ಇಡೀ ಡಿಇಎಂ ಕಳಿಸಬೇಡಿ. ತೊಂದರೆ ಕಾಣುವಂಥ 200 × 200 ಪಿಕ್ಸೆಲ್ ತುಂಡು ಕತ್ತರಿಸಿದರೆ ಸಾಕು. ಆ ತುಂಡಿನ ಮೇಲೆ ತೊಂದರೆ ಬರುತ್ತಿಲ್ಲ ಎಂದಾದರೆ ಅದನ್ನೂ ಬರೆಯಿರಿ, ಆಗ ಹುಡುಕಬೇಕಾದದ್ದು ಕಡತದ ಗಾತ್ರದಲ್ಲಿ ಅಥವಾ ಅದರ ಅಂಚಿನಲ್ಲಿ.